ದುಬಾರಿ ಅಭಿರುಚಿ, ಸೀಮಿತ ಸಂಬಳ: ಮನೆಯ ಲೆಕ್ಕದಲ್ಲಿ ಒಂದು ಒಳ್ಳೆಯ ಸೀರೆಗೆ ಜಾಗ ಮಾಡುವುದು ಹೇಗೆ?

ಸೇಡಂ ರಸ್ತೆ, ಕಲಬುರಗಿ (ಚರ್ಚೆ ಆರಂಭಿಸಿದವರು)

ಬಹಳ ದಿನಗಳಿಂದ ಮನಸ್ಸಿನಲ್ಲೇ ಉಳಿದಿದ್ದ ಪ್ರಶ್ನೆಯೊಂದನ್ನು ಹಿರಿಯರ ಮುಂದೆ ಇಡುತ್ತಿದ್ದೇನೆ. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೇನೆ. ಪತಿ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ಇಬ್ಬರ ಕೈಗೆ ಬರುವ ಸಂಬಳ ಸೇರಿ ತಿಂಗಳಿಗೆ 62,000 ರೂಪಾಯಿ. ಬಾಡಿಗೆ 9,500, ಮಗಳ ಶಾಲೆಗೆ 7,000, ಕಿರಾಣಿ ಮತ್ತು ಹಾಲಿಗೆ 11,000, ಅತ್ತೆಯವರ ಔಷಧಿಗೆ 4,000, ಓಡಾಟಕ್ಕೆ 5,000, ಸಾಲದ ಕಂತು 9,000, ವಿಮೆ ಮತ್ತು ಉಳಿತಾಯಕ್ಕೆ 6,000. ಇವೆಲ್ಲ ಕಳೆದು ಉಳಿಯುವ 10,500 ರೂಪಾಯಿಯಲ್ಲಿ ಹಬ್ಬ, ಮದುವೆ, ನೆಂಟರು, ಅನಿರೀಕ್ಷಿತ ಖರ್ಚು ಎಲ್ಲವೂ ನಡೆಯಬೇಕು.

ನನ್ನ ಅಭಿರುಚಿ ಈ ಲೆಕ್ಕಕ್ಕೆ ಹೊಂದುವಂಥದ್ದಲ್ಲ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ನಾಲ್ಕೇ ಸೀರೆಗಳಿದ್ದವು. ಅವುಗಳಲ್ಲಿ ಒಂದು ಗೋಮಿ ಅಂಚಿನ ಇಳಕಲ್ ಸೀರೆ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿದ ಜಾಗವನ್ನು ಅಜ್ಜಿ ನನ್ನ ಬೆರಳು ಹಿಡಿದು ಮುಟ್ಟಿಸಿ ತೋರಿಸಿದ್ದರು. ಅಂದಿನಿಂದ ನನಗೆ ಕೈಮಗ್ಗದ ನೇಯ್ಗೆ ಮತ್ತು ಗಿರಣಿಯ ಬಟ್ಟೆಯ ವ್ಯತ್ಯಾಸ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಬೀದರಿಗೆ ಹೋದಾಗಲೆಲ್ಲ ಬಿದ್ರಿ ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಇದು ಯಾರನ್ನೋ ನೋಡಿ ಕಲಿತ ಆಸೆಯಲ್ಲ ಎಂದು ನನಗೆ ಖಾತ್ರಿಯಿದೆ.

ಆದರೂ ಕಳೆದ ದೀಪಾವಳಿಯ ಹೊತ್ತಿಗೆ ನಾನೊಂದು ತಪ್ಪು ಮಾಡಿದೆ. 14,500 ರೂಪಾಯಿಯ ರೇಷ್ಮೆ ಇಳಕಲ್ ಸೀರೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು, ಪತಿಗೆ ಹೇಳದೆ ಅಲಮಾರಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಇಂದಿಗೂ ಅದನ್ನು ಉಟ್ಟಿಲ್ಲ. ಕಾರ್ಡಿನ ಬಾಕಿ ತೀರಿಸಲು ಐದು ತಿಂಗಳು ಹಿಡಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ನಾನೂ ಕೇಳುತ್ತಲೇ ಬೆಳೆದವಳು. ನನಗೆ ತಿಳಿಯಬೇಕಾಗಿರುವುದು ಬೇರೆ. ನಮ್ಮಂಥ ಮನೆಯಲ್ಲಿ ಇಂಥ ಅಭಿರುಚಿ ಇರುವುದೇ ತಪ್ಪೋ, ಅಥವಾ ಅದನ್ನು ನಾನು ಪೂರೈಸಿಕೊಂಡ ದಾರಿ ತಪ್ಪೋ?

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ತಂಗಿ, ದಾರಿ ತಪ್ಪು. ಅಭಿರುಚಿಯ ವಿಷಯ ಹೆಚ್ಚು ತಿಳಿದವರು ಹೇಳಲಿ, ನಾನು ದಾರಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಮೂವತ್ತು ವರ್ಷ ಕೌಂಟರಿನ ಈ ಕಡೆ ಕುಳಿತು ಅದನ್ನೇ ನೋಡಿದ್ದೇನೆ.

ಕ್ರೆಡಿಟ್ ಕಾರ್ಡಿನ ಬಾಕಿಯ ಮೇಲೆ ಅನೇಕ ಬ್ಯಾಂಕುಗಳು ತಿಂಗಳಿಗೆ ಶೇ 3.5ರ ಆಸುಪಾಸಿನಲ್ಲಿ ಬಡ್ಡಿ ಹಾಕುತ್ತವೆ, ಅಂದರೆ ವರ್ಷಕ್ಕೆ ಶೇ 42. ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಬೇರೆ. 30,000 ರೂಪಾಯಿ ಬಾಕಿ ಇದೆ ಎಂದು ಹಿಡಿಯಿರಿ. ಒಂದು ತಿಂಗಳ ಬಡ್ಡಿ 1,050, ತೆರಿಗೆ 189, ಒಟ್ಟು 1,239. ಶೇ 5ರಂತೆ ಕನಿಷ್ಠ ಮೊತ್ತವೆಂದು 1,500 ಕಟ್ಟಿದರೆ ಅಸಲಿಗೆ ಹೋಗುವುದು 261 ರೂಪಾಯಿ ಮಾತ್ರ. ಪೂರ್ತಿ ಹಣ ಕಟ್ಟದ ತಿಂಗಳಲ್ಲಿ ಬಡ್ಡಿರಹಿತ ಅವಧಿಯೂ ಕೈತಪ್ಪಿ, ಕೊಂಡ ದಿನದಿಂದಲೇ ಬಡ್ಡಿ ಎಣಿಕೆಯಾಗುತ್ತದೆ ಎಂಬುದು ಬಹಳ ಜನರಿಗೆ ಬಿಲ್ ಬಂದ ಮೇಲೆ ಗೊತ್ತಾಗುತ್ತದೆ. ಬಡ್ಡಿಯಿಲ್ಲದ ಕಂತು ಎಂದು ಅಂಗಡಿಯಲ್ಲಿ ಬರೆದು ಹಾಕಿದ್ದರೂ ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸ್ಪಷ್ಟಪಡಿಸಿದೆ. ಆ ಬಡ್ಡಿ ಬೆಲೆಯೊಳಗೆ ಅಡಗಿರುತ್ತದೆ, ಇಲ್ಲವೇ ನಗದಿಗೆ ಸಿಗಬೇಕಾದ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ.

ನೀವು ಕೇಳದಿದ್ದರೂ ಚಿನ್ನದ ಬಗ್ಗೆ ಎರಡು ಮಾತು ಹೇಳುತ್ತೇನೆ. ನಮ್ಮ ಭಾಗದಲ್ಲಿ ದುಬಾರಿ ಆಸೆಗಳೆಲ್ಲ ಚಿನ್ನದ ಅಂಗಡಿಯಲ್ಲಿ ಉಳಿತಾಯದ ವೇಷ ಹಾಕಿಕೊಳ್ಳುತ್ತವೆ. ಒಂದು ಲಕ್ಷ ರೂಪಾಯಿ ಬೆಲೆಯ ಚಿನ್ನದಿಂದ ಆಭರಣ ಮಾಡಿಸುವಾಗ ಕೂಲಿ ಶೇ 12 ಎಂದರೆ 12,000, ಒಟ್ಟು ಮೊತ್ತದ ಮೇಲೆ ಶೇ 3ರ ಜಿಎಸ್‌ಟಿ 3,360. ಕೈಯಿಂದ ಹೋಗುವುದು 1,15,360. ಮರುದಿನವೇ ಮಾರಲು ಹೋದರೂ ಆ 15,360 ಹಿಂದಿರುಗುವುದಿಲ್ಲ. ಹಾಕಿಕೊಳ್ಳುವ ಸಂತೋಷಕ್ಕೆ ಕೊಂಡರೆ ಅದು ಸರಿಯಾದ ಖರ್ಚು, ಉಳಿತಾಯವೆಂದು ಮಾತ್ರ ಬರೆದುಕೊಳ್ಳಬೇಡಿ. ಕೊಳ್ಳುವಾಗ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಗುರುತು ಇದೆಯೇ ನೋಡಿ. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ.

ಆಳಂದ ನಾಕಾ ಹತ್ತಿರದ ಓದುಗ

ಮನೆಯಲ್ಲಿ ಆರು ತಿಂಗಳ ಖರ್ಚಿನಷ್ಟು ಹಣ ಬೇರೆಯಾಗಿ ಇದೆಯೇ? ಇಲ್ಲವಾದರೆ ರೇಷ್ಮೆಯ ಮಾತು ಸದ್ಯಕ್ಕೆ ಬೇಡ. ಕಠಿಣವಾಗಿ ಬರೆಯುತ್ತಿದ್ದೇನೆಂದು ಬೇಸರಿಸಬೇಡಿ. ಎರಡು ವರ್ಷದ ಹಿಂದೆ ನಮ್ಮ ತಂದೆಯವರಿಗೆ ಹೃದಯದ ಚಿಕಿತ್ಸೆಗಾಗಿ ರಾತ್ರೋರಾತ್ರಿ ಹೈದರಾಬಾದಿಗೆ ಹೋಗಬೇಕಾದಾಗ ಮನೆಯಲ್ಲಿ ಎಲ್ಲವೂ ಇತ್ತು, ನಗದು ಒಂದೇ ಇರಲಿಲ್ಲ.

ಬಿದ್ರಿ ಕೆಲಸದ ಮನೆಯವನು, ಬೀದರ್

ಬಿದ್ರಿಯ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅಜ್ಜನವರ ಕಾಲದಿಂದ ಮನೆಯಲ್ಲಿ ಇದೇ ಕೆಲಸ. ಕೊಳ್ಳಲು ಬಂದು, ಬೆಲೆ ಕೇಳಿ, ಮುಖ ಸಣ್ಣದು ಮಾಡಿಕೊಂಡು ಹೋಗುವವರನ್ನು ದಿನವೂ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ನಿಮ್ಮಂತೆ ನಿಜವಾಗಿ ಬೇಕೆನಿಸಿ ಬಂದವರು.

ಬೆಲೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ನಿಮ್ಮ ಕೈಗೆಟಕುವುದು ಯಾವುದು ಎಂದು ನೀವೇ ಆರಿಸಬಹುದು. ಪಾತ್ರೆಯ ಲೋಹ ದುಬಾರಿಯದಲ್ಲ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತೇವೆ. ಅರದಿಂದ ಉಜ್ಜಿ ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತೇವೆ. ಆಮೇಲೆ ಉಳಿಯಿಂದ ಚಿತ್ತಾರ ಕೊರೆದು ಆ ಕೊರೆತದೊಳಗೆ ಬೆಳ್ಳಿಯನ್ನು ಬಡಿದು ಕೂರಿಸುವುದೇ ದಿನಗಟ್ಟಲೆ ಹಿಡಿಯುವ ಕೆಲಸ. ತಂತಿ ಕೂರಿಸಿದರೆ ತಾರಕಶಿ, ತಗಡು ಕೂರಿಸಿದರೆ ತಹನಿಶಾನ್. ತಗಡಿಗೆ ಬೆಳ್ಳಿ ಹೆಚ್ಚು ಬೇಕು, ಆದ್ದರಿಂದ ಬೆಲೆಯೂ ಹೆಚ್ಚು. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಹಾಕಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ.

ಹೀಗಾಗಿ ಹೂದಾನಿಗೆ ಹಣ ಸಾಲದಿದ್ದರೆ ಅದೇ ಕುಶಲತೆಯ ಸಣ್ಣ ವಸ್ತು ಕೇಳಿ. ಅಂಗೈಯಗಲದ ಕುಂಕುಮದ ಡಬ್ಬಿಯಲ್ಲಿ ತಾರಕಶಿ ಕೆಲಸ ಸೂಕ್ಷ್ಮವಾಗಿದ್ದರೆ ಅದು ದೊಡ್ಡ ಹೂದಾನಿಯ ಒರಟು ಕೆಲಸಕ್ಕಿಂತ ಮೇಲು. ಹಣ ಕಡಿಮೆಯಿದ್ದಾಗ ಗಾತ್ರವನ್ನು ಬಿಡಿ, ಕೆಲಸವನ್ನು ಬಿಡಬೇಡಿ. ನಕಲಿ ಕಪ್ಪು ಬಣ್ಣ ಬಳಿದು ಚಿತ್ತಾರವನ್ನು ಅಚ್ಚು ಹಾಕಿದ ವಸ್ತುಗಳೂ ಮಾರಾಟದಲ್ಲಿವೆ. ಉಗುರಿನಿಂದ ಸವರಿ ನೋಡಿದರೆ ಕೂರಿಸಿದ ಬೆಳ್ಳಿಯ ಅಂಚು ಲೋಹದೊಡನೆ ಒಂದಾಗಿರುತ್ತದೆ. ಅಚ್ಚಿನ ಬಣ್ಣ ಕೆಲವು ಸಲ ಒರೆಸುವುದರಲ್ಲೇ ಮಾಸುತ್ತದೆ. ಕೊಂಡ ಮೇಲೆ ಹುಣಸೆಹಣ್ಣಿನಿಂದ ತಿಕ್ಕಬೇಡಿ. ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಕಪ್ಪು ಮಾಸಿದರೆ ನಮ್ಮಲ್ಲಿಗೆ ತನ್ನಿ, ಮತ್ತೆ ಕಪ್ಪಾಗಿಸಿ ಕೊಡುತ್ತೇವೆ. ನಲವತ್ತು ವರ್ಷದ ಹಿಂದೆ ನಮ್ಮ ಅಜ್ಜ ಮಾಡಿಕೊಟ್ಟ ಪಾನದಾನವೊಂದು ಹೋದ ವರ್ಷ ಮೊಮ್ಮಗಳ ಕೈಯಲ್ಲಿ ಅಂಗಡಿಗೆ ಬಂದಿತ್ತು. ಅಂಥ ವಸ್ತುವಿನ ಬೆಲೆಯನ್ನು ಒಂದು ತಿಂಗಳ ಖರ್ಚಿನಲ್ಲಿ ಬರೆಯುವುದು ಸರಿಯಾದ ಲೆಕ್ಕವೆಂದು ನನಗೆ ಅನಿಸುವುದಿಲ್ಲ.

ನಮ್ಮ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೌರವ ದೊಡ್ಡದು, ಆದರೆ ಒಲೆ ಉರಿಯುವುದು ವರ್ಷಕ್ಕೊಮ್ಮೆಯಾದರೂ ಒಂದು ಡಬ್ಬಿ ಕೊಳ್ಳುವ ಸಾಮಾನ್ಯ ಮನೆಯವರಿಂದ. ನಿಮ್ಮಂಥವರ ಅಭಿರುಚಿ ತಪ್ಪೆಂದು ಯಾರಾದರೂ ಹೇಳಿದರೆ ಅದು ನಮ್ಮ ಮನೆಗೂ ತಾಗುತ್ತದೆ.

ಯಾದಗಿರಿ ತಾಲ್ಲೂಕಿನ ರೈತ

ತಿಂಗಳ ಸಂಬಳದವರ ಲೆಕ್ಕ ಓದಿದೆ. ನಮ್ಮಲ್ಲಿ ಹಣ ಬರುವುದು ವರ್ಷಕ್ಕೊಮ್ಮೆ, ತೊಗರಿ ರಾಶಿಯಾದ ಮೇಲೆ. ನನ್ನ ದುಬಾರಿ ಅಭಿರುಚಿ ಸೀರೆಯಲ್ಲ, ಎತ್ತು. ಬಾಡಿಗೆ ಟ್ರ್ಯಾಕ್ಟರ್ ಕರೆದರೆ ಬಿತ್ತನೆ ಮುಗಿಯುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಆದರೂ ಕಾರಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ ಹಚ್ಚಿದ ಒಂದು ಜೊತೆ ದೇವಣಿ ಎತ್ತು ಬಾಗಿಲ ಮುಂದೆ ನಿಲ್ಲದ ಮನೆಯನ್ನು ನನಗೆ ಮನೆಯೆಂದು ಕರೆಯಲು ಆಗುವುದಿಲ್ಲ.

2024ರ ಆರಂಭದಲ್ಲಿ ತೊಗರಿ ಕ್ವಿಂಟಲಿಗೆ 10,000 ದಾಟಿದಾಗ ಆ ಹುರುಪಿನಲ್ಲಿ ನಾನು ಎತ್ತು ಬದಲಿಸಿದೆ. ಕೈಯಲ್ಲಿದ್ದದ್ದು ಸಾಲದೆ ಮೇಲೆ ಸ್ವಲ್ಪ ಸಾಲವನ್ನೂ ತಂದೆ. ಮರುವರ್ಷ ಮಾರುಕಟ್ಟೆಯ ಬೆಲೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು, ಆದರೆ ನಾನು ಅಷ್ಟರೊಳಗೆ ಸಾಲಗಾರರ ಒತ್ತಾಯಕ್ಕೆ ಅರ್ಧ ಮಾಲು ಮಾರಿಬಿಟ್ಟಿದ್ದೆ. ಆಗ ಒಂದು ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದದ್ದನ್ನು ಹೇಳಿಕೊಳ್ಳಲು ಈಗಲೂ ಗಂಟಲು ಕಟ್ಟುತ್ತದೆ.

ಈಗ ನಾನು ಹೀಗೆ ಮಾಡುತ್ತೇನೆ. ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ಬಂದ ವರ್ಷದ ಹಣವನ್ನೇ ಈ ವರ್ಷದ ಆದಾಯವೆಂದು ಹಿಡಿದು ಸಂಸಾರ ನಡೆಸುತ್ತೇನೆ. ಬೀಜ, ಗೊಬ್ಬರ, ವರ್ಷದ ಜೋಳ, ಸಾಲ ಇವು ಮೊದಲು. ಅದಕ್ಕಿಂತ ಮೇಲೆ ಬಂದದ್ದರಲ್ಲಿ ಅರ್ಧ ಎತ್ತಿನ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಸಂಬಳದವರಿಗೂ ಬೋನಸ್, ತುಟ್ಟಿಭತ್ಯೆಯ ಬಾಕಿ ಬರುತ್ತದಲ್ಲ, ಅದನ್ನು ನೀವು ಹೀಗೆ ನೋಡಬಹುದು.

ಹುಮನಾಬಾದ್ ಕಡೆಯ ಉಪನ್ಯಾಸಕ

ಎಲ್ಲರೂ ಅಭಿರುಚಿಯನ್ನು ಒಪ್ಪಿಕೊಂಡು ಲೆಕ್ಕವನ್ನಷ್ಟೇ ಚರ್ಚಿಸುತ್ತಿರುವುದು ನನಗೆ ಪೂರ್ತಿ ಸರಿಯೆನಿಸುತ್ತಿಲ್ಲ. ಶರಣರು ಕಾಯಕ ಮತ್ತು ದಾಸೋಹವನ್ನು ಬದುಕಿ ತೋರಿಸಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ದುಡಿದದ್ದರಲ್ಲಿ ತನಗೆಷ್ಟು, ಇತರರಿಗೆಷ್ಟು ಎಂಬ ಪ್ರಶ್ನೆಯನ್ನು ಈ ನೆಲದಲ್ಲಿ ಕೇಳದೆ ಇರುವುದು ಹೇಗೆ? ಅಂಗಡಿಯಲ್ಲಿ ಮೂರು ಸಾವಿರದ ಸೀರೆಯೂ ಇದೆ. ಹದಿನಾಲ್ಕು ಸಾವಿರದ್ದೇ ಬೇಕೆನಿಸುವುದರಲ್ಲಿ ಸ್ವಲ್ಪವಾದರೂ ಪ್ರತಿಷ್ಠೆ ಬೆರೆತಿರುವುದಿಲ್ಲವೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಸೇಡಂ ರಸ್ತೆ, ಕಲಬುರಗಿ

ಉಪನ್ಯಾಸಕರ ಪ್ರಶ್ನೆಯನ್ನು ಎರಡು ದಿನ ಯೋಚಿಸಿದೆ. ಪ್ರತಿಷ್ಠೆಗಾಗಿ ಕೊಂಡಿದ್ದರೆ ನಾನು ಆ ಸೀರೆಯನ್ನು ಅಲಮಾರಿನಲ್ಲಿ ಬಚ್ಚಿಡುತ್ತಿರಲಿಲ್ಲ. ಯಾರೂ ಮನೆಯಲ್ಲಿ ಇಲ್ಲದ ಮಧ್ಯಾಹ್ನ ಅದನ್ನು ತೆಗೆದು ಸೆರಗಿನ ಕೊಂಡಿಯನ್ನು ಸವರಿ ಮತ್ತೆ ಮಡಿಸಿಟ್ಟಿದ್ದೇನೆ. ದಾಸೋಹದ ಮಾತು ಮಾತ್ರ ತಾಗಿತು. ಇತರರಿಗೆ ನಾವು ಎಷ್ಟು ಕೊಡುತ್ತಿದ್ದೇವೆ ಎಂದು ನೋಡಲು ಹಳೆಯ ಡೈರಿ ತೆಗೆದೆ. ಅದರಲ್ಲಿ ನಾನು ನಿರೀಕ್ಷಿಸದ ಸಂಗತಿಯೊಂದು ಕಂಡಿತು.

ಕಳೆದ ಒಂದು ವರ್ಷದಲ್ಲಿ ಹನ್ನೊಂದು ಮದುವೆ ಮತ್ತು ಗೃಹಪ್ರವೇಶಗಳಿಗೆ ಆಯೇರು ಮಾಡಲು ನಾವು ಹದಿನೇಳು ಸೀರೆ ಕೊಂಡಿದ್ದೇವೆ. ಒಂದಕ್ಕೆ ಸರಾಸರಿ 850 ರೂಪಾಯಿಯಂತೆ 14,450. ಪ್ಯಾಂಟು ಶರ್ಟಿನ ಬಟ್ಟೆ, ಟವೆಲ್ಲು, ಸ್ಟೀಲ್ ಪಾತ್ರೆಗಳದ್ದು ಬೇರೆ 6,300. ನಮ್ಮ ಮನೆಗೂ ಹಾಗೆಯೇ ಹದಿನಾಲ್ಕು ಸೀರೆಗಳು ಬಂದಿವೆ. ಅವುಗಳಲ್ಲಿ ನಾನು ಉಟ್ಟದ್ದು ಒಂದು. ಉಳಿದವು ಪ್ಲಾಸ್ಟಿಕ್ ಚೀಲದಲ್ಲಿ, ಮುಂದಿನ ಮದುವೆಗೆ ಯಾರಿಗೆ ಕೊಡಬಹುದೆಂದು ಕಾಯುತ್ತ ಕುಳಿತಿವೆ. ಕೆಲವು ಸೀರೆಗಳು ನಾಲ್ಕು ಮನೆ ತಿರುಗಿ ಬಂದಂತೆ ಕಾಣುತ್ತವೆ. ನಾನು ಐದು ತಿಂಗಳು ಅಪರಾಧಿ ಭಾವದಿಂದ ತೀರಿಸಿದ ಸೀರೆಯ ಬೆಲೆ 14,500. ಯಾರಿಗೂ ಬೇಡವಾದ ಸೀರೆಗಳಿಗೆ ಅಷ್ಟೇ ಹಣವನ್ನು ಯಾವ ಅಳುಕೂ ಇಲ್ಲದೆ ಕೊಟ್ಟಿದ್ದೇವೆ, ಏಕೆಂದರೆ ಅದಕ್ಕೆ ಕರ್ತವ್ಯವೆಂಬ ಹೆಸರಿತ್ತು.

ಭಾಲ್ಕಿಯ ಸೊಸೆ

ನಮ್ಮ ಮನೆಯ ಕಪಾಟಿನಲ್ಲಿಯೂ ಇಂಥದೇ ಚೀಲವಿದೆ. ಇನ್ನೊಂದು ಮಾತು ಸೇರಿಸುತ್ತೇನೆ. ಹೆಂಗಸರು ತಮ್ಮ ಇಷ್ಟದ ವಸ್ತುವನ್ನು ಬಚ್ಚಿಡುವುದು ಹಣ ಕಡಿಮೆ ಇರುವುದರಿಂದಲ್ಲ, ಲೆಕ್ಕದಲ್ಲಿ ಅದಕ್ಕೊಂದು ಸಾಲು ಇಲ್ಲದಿರುವುದರಿಂದ. ಗಂಡಸರ ಚಹಾ, ಪಾನ್, ಗೆಳೆಯರ ಊಟ ಇತರೆ ಎಂಬ ಸಾಲಿನಲ್ಲಿ ಸುಮ್ಮನೆ ಸೇರಿ ಹೋಗುತ್ತವೆ. ನಮ್ಮ ಮನೆಯಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯವರ ಖಾತೆಗೆ ಬರುತ್ತದೆ. ಮೊದಲ ಕಂತು ಬಂದ ದಿನ ಅವರು 300 ರೂಪಾಯಿ ನನ್ನ ಕೈಯಲ್ಲಿಟ್ಟು, ಇದರ ಲೆಕ್ಕ ನನಗೂ ಕೊಡಬೇಡ ಎಂದರು. ನಾನು ಅದನ್ನು ಓಣಿಯ ಹೆಂಗಸರ ಭಿಶಿಗೆ, ಅಂದರೆ ಕೈಚೀಟಿಗೆ, ಹಾಕುತ್ತೇನೆ. ಹನ್ನೆರಡು ಜನ, ಎಲ್ಲರೂ ಬಾಲ್ಯದಿಂದ ಗೊತ್ತಿದ್ದವರು. ನನ್ನ ಪಾಳಿ ಬಂದಾಗ ಕೈಗೆ 3,600 ಬರುತ್ತದೆ. ಗುರುತಿಲ್ಲದವರ ಭಿಶಿಗೆ ಸೇರಬೇಡಿ, ಅದಕ್ಕಿಂತ ತಿಂಗಳು ತಿಂಗಳು ಕಟ್ಟುವ ಬ್ಯಾಂಕಿನ ಆರ್‌ಡಿ ಮೇಲು.

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ಭಿಶಿಯ ಬಗ್ಗೆ ಸೊಸೆಯ ಎಚ್ಚರಿಕೆ ಸರಿ. ಅಂಗಡಿಗಳ ಚಿನ್ನದ ಕಂತಿನ ಯೋಜನೆಗಳು ಹನ್ನೊಂದು ತಿಂಗಳಿಗೇ ಮುಗಿಯುವುದೇಕೆ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದರು. ಸರಕಿಗಾಗಿ ಪಡೆದ ಮುಂಗಡವನ್ನು ಕಂಪನಿ 365 ದಿನಗಳೊಳಗೆ ಸರಕು ಕೊಟ್ಟು ತೀರಿಸದಿದ್ದರೆ ನಿಯಮದ ಪ್ರಕಾರ ಅದು ಠೇವಣಿಯೆಂದು ಎಣಿಕೆಯಾಗುತ್ತದೆ. ಅದಕ್ಕಾಗಿ ಹನ್ನೊಂದು ತಿಂಗಳು. ಆ ಹಣಕ್ಕೆ ಬ್ಯಾಂಕ್ ಠೇವಣಿಗೆ ಇರುವಂಥ ವಿಮೆ ಇಲ್ಲವೆಂಬುದು ನೆನಪಿರಲಿ.

ಜೇವರ್ಗಿ ಕಾಲೊನಿ ನಿವಾಸಿ

ಸೀರೆಯ ಬಗ್ಗೆ ನನಗೆ ತಿಳಿಯದು. ನಮ್ಮ ಮನೆಯ ದುಬಾರಿ ಆಸೆ ಹವಾನಿಯಂತ್ರಕ. ಕಲಬುರಗಿಯ ಮೇ ತಿಂಗಳಲ್ಲಿ ಅದು ಅಭಿರುಚಿಯೋ ಅವಶ್ಯಕತೆಯೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗಂಟೆಗೆ ಒಂದೇ ಯೂನಿಟ್ ಎಂದು ಹಿಡಿದರೂ ರಾತ್ರಿ ಏಳು ಗಂಟೆಯಂತೆ ತಿಂಗಳಿಗೆ 210 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಆದ್ದರಿಂದ ಕೊಳ್ಳುವ ಬೆಲೆಯ ಜೊತೆ ಪ್ರತಿ ತಿಂಗಳು ಅದು ಬೇಡುವ ಹಣವನ್ನೂ ಸೇರಿಸಿ ನೋಡಿ. ಸೀರೆ, ಬಿದ್ರಿಗಳು ಆ ದೃಷ್ಟಿಯಲ್ಲಿ ಬಹಳ ಸೌಮ್ಯವಾದ ಆಸೆಗಳು.

ಹಿರಿಯ ಗೃಹಿಣಿ, ಕಮಲಾಪುರ

ಮಗಳೇ, ಆಯೇರಿನ ಲೆಕ್ಕ ಓದಿ ಮನಸ್ಸಿಗೆ ಹೌದೆನಿಸಿತು. ಆದರೆ ಆತುರ ಬೇಡ. ಆಯೇರು ಎಂದರೆ ಬಟ್ಟೆಯಲ್ಲ, ನಾವು ನಿಮ್ಮವರು ಎಂದು ಹೇಳುವ ರೀತಿ. ನೀನು ಕೊಡುವುದನ್ನು ಥಟ್ಟನೆ ನಿಲ್ಲಿಸಿ ಎರಡನೆಯ ತಿಂಗಳು ಹೊಸ ರೇಷ್ಮೆ ಉಟ್ಟು ಬಂದರೆ ಬಳಗದವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಮೊದಲು ನಿಮ್ಮ ಮನೆಯ ಕಾರ್ಯದಲ್ಲಿ ಆಯೇರು ತರಬೇಡಿ ಎಂದು ಕೈಮುಗಿದು ಹೇಳು. ತೆಗೆದುಕೊಳ್ಳುವುದನ್ನು ನಿಲ್ಲಿಸಿದವರು ಕೊಡುವುದನ್ನು ನಿಲ್ಲಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾವು ಮೂರು ಅಣ್ಣತಮ್ಮಂದಿರ ಮನೆಗಳು ಸೇರಿ ಹೀಗೆ ಮಾಡಿದೆವು. ಈಗ ಬಟ್ಟೆಯ ಬದಲು ಮುಯ್ಯಿಯ ಲಕೋಟೆ ಕೊಡುತ್ತೇವೆ. ಮದುವೆ ಮನೆಯವರಿಗೆ ಅಡುಗೆಯವನ ಹಣಕ್ಕಾದರೂ ಆಗುತ್ತದೆ.

ಆಮೇಲೆ, ಆ ಸೀರೆಯನ್ನು ಮಡಿಸಿದ ಗೆರೆಯಲ್ಲೇ ವರ್ಷಗಟ್ಟಲೆ ಬಿಡಬೇಡ, ರೇಷ್ಮೆ ಸೀಳುತ್ತದೆ. ಮೂರು ತಿಂಗಳಿಗೊಮ್ಮೆ ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುತ್ತೇನೆ.

ಭಾನುವಾರ ಪತಿಯ ಮುಂದೆ ಸೀರೆಯನ್ನೂ ಡೈರಿಯನ್ನೂ ಒಟ್ಟಿಗೆ ಇಟ್ಟೆ. ಅವರಿಗೆ ಬೇಸರವಾದದ್ದು ಬೆಲೆಗಲ್ಲ, ಐದು ತಿಂಗಳು ಮುಚ್ಚಿಟ್ಟದ್ದಕ್ಕೆ. ಅದು ನ್ಯಾಯವಾದ ಬೇಸರ. ಕಾರ್ಡನ್ನು ಅಂದೇ ಬ್ಯಾಂಕಿಗೆ ಹಿಂದಿರುಗಿಸಲು ಅರ್ಜಿ ಹಾಕಿದೆವು. ಆಳಂದ ನಾಕಾದವರ ಮಾತಿನಂತೆ ಆಪತ್ತಿನ ಹಣದ ಲೆಕ್ಕ ನೋಡಿದರೆ ನಮ್ಮಲ್ಲಿರುವುದು ಎರಡು ತಿಂಗಳಿಗೆ ಸಾಲುವಷ್ಟು. ಹೀಗಾಗಿ ಆಯೇರಿನಿಂದ ಉಳಿಯುವ ಹಣದಲ್ಲಿ ತಿಂಗಳಿಗೆ 1,000 ರೂಪಾಯಿ ಮೊದಲು ಅದಕ್ಕೆ ಹೋಗುತ್ತದೆ, 600 ರೂಪಾಯಿ ನನ್ನ ಹೆಸರಿನ ಆರ್‌ಡಿಗೆ. ಎರಡು ವರ್ಷಕ್ಕೊಮ್ಮೆ ಒಂದು ಒಳ್ಳೆಯ ಸೀರೆಗೆ ಅದು ಸಾಕು. ಬೋನಸ್ ಬಂದರೆ ಯಾದಗಿರಿಯ ಅಣ್ಣನವರ ರೀತಿ ಅರ್ಧ. ಬೀದರಿನ ಕುಂಕುಮದ ಡಬ್ಬಿ ಮುಂದಿನ ವರ್ಷದ ಮಾತು, ಆದರೆ ತಾರಕಶಿಯೇ ಬೇಕು.

ಶ್ರಾವಣದಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿದೆ. ಸೀರೆಯ ಬದಲು ಲಕೋಟೆ ಕೊಡುತ್ತೇವೆ, ನಮ್ಮ ಮನೆಗೂ ಇನ್ನು ಮುಂದೆ ಆಯೇರು ಬೇಡವೆಂದು ಪತಿಯೇ ಫೋನ್ ಮಾಡಿ ಹೇಳಿದ್ದಾರೆ. ಅತ್ತೆಯವರು ಎಲ್ಲವನ್ನೂ ಒಪ್ಪಿ ಒಂದನ್ನು ಮಾತ್ರ ಕೇಳಿಕೊಂಡರು. ಉಡಿ ತುಂಬುವ ಕುಬಸದ ಖಣ ತಪ್ಪಿಸಬಾರದು, ಅದೂ ಕೈಮಗ್ಗದ ಖಣವೇ ಆಗಿರಲಿ ಎಂದರು. ಅದನ್ನು ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ. ಆ ದಿನ ನಾನು ಅಲಮಾರಿನ ಸೀರೆಯನ್ನೇ ಉಡುತ್ತೇನೆ.